ಮಗು ಸಣ್ಣಗಿದೆ, ಯಾಕೆ? – ಓದುಗರ ಪ್ರಶ್ನೆಗಳಿಗೆ ಡಾಕ್ಟರ ಉತ್ತರ

ಶಾಲೆ ಮಕ್ಕಳ ತೂಕ, ಊಟ, ರಕ್ತಹೀನತೆ ಬಗ್ಗೆ ಈ ಸಲ ತುಂಬಾ ಪತ್ರಗಳು ಬಂದಿವೆ. ಹೆಚ್ಚಿನವು ನಮ್ಮ ಉತ್ತರ ಕನ್ನಡದವೇ. ಸರ್ಕಾರಿ ಕೆಲಸದಲ್ಲಿದ್ದಾಗ ಘಟ್ಟದ ಮೇಲೂ ಕೆಳಗೂ ಶಾಲೆಗಳಿಗೆ ತಪಾಸಣೆಗೆ ಹೋಗುತ್ತಿದ್ದೆ. ಈಗ ಕುಮಟಾದಲ್ಲಿ ನಿವೃತ್ತಿ ಜೀವನ. ಆದರೂ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಮೊದಲ ಪತ್ರಕ್ಕೆ ಸ್ವಲ್ಪ ದೊಡ್ಡ ಉತ್ತರ ಬರೆದಿದ್ದೇನೆ. ಅದು ಎಲ್ಲ ಶಿಕ್ಷಕರಿಗೂ ಬೇಕಾದದ್ದು.

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಕ್ಕಳ ತೂಕ, ಎತ್ತರ ತೆಗೆದು ಮೊಬೈಲಿನ ಒಂದು ಆ್ಯಪ್‌ಗೆ ಹಾಕಿದೆ. ಹೆಚ್ಚುಕಡಿಮೆ ಎಲ್ಲರಿಗೂ ‘ತೂಕ ಕಡಿಮೆ’ ಎಂದು ಬಂತು. ಮಕ್ಕಳು ನೋಡಲು ಚುರುಕಾಗಿಯೇ ಇದ್ದಾರೆ. ನಿಜಕ್ಕೂ ಯಾರಿಗೆ ಅಪೌಷ್ಟಿಕತೆ ಇದೆ, ಅದಕ್ಕೆ ಕಾರಣ ಏನು ಎಂದು ತಿಳಿಯುವುದು ಹೇಗೆ?

ಅಕ್ಕೋರೇ, ಮೊದಲು ಆ ಆ್ಯಪ್ ಪಕ್ಕಕ್ಕಿಡಿ. ಅದು ದೊಡ್ಡವರಿಗಾಗಿ ಮಾಡಿದ್ದು. ದೊಡ್ಡವರಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ನೋಡುವ ಲೆಕ್ಕ) 18.5ಕ್ಕಿಂತ ಕಡಿಮೆ ಇದ್ದರೆ ತೂಕ ಕಡಿಮೆ ಎನ್ನುತ್ತಾರೆ. ಎಂಟು ವರ್ಷದ ಆರೋಗ್ಯವಂತ ಮಗುವಿನ ಬಿಎಂಐ 15, 16 ಇರುವುದೇ ಸರಿ. ಹಾಗಾಗಿ ಆ ಆ್ಯಪ್‌ಗೆ ಯಾವ ಶಾಲೆಯ ಮಕ್ಕಳನ್ನು ಹಾಕಿದರೂ ಹೀಗೇ ಬರುತ್ತದೆ. ಐದರಿಂದ ಹತ್ತೊಂಬತ್ತು ವರ್ಷದವರಿಗೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಬೇರೆಯೇ ಪಟ್ಟಿ ಕೊಟ್ಟಿದೆ. ಹುಡುಗ, ಹುಡುಗಿಗೆ ಬೇರೆ ಬೇರೆ, ಒಂದೊಂದು ತಿಂಗಳ ವಯಸ್ಸಿಗೂ ಲೆಕ್ಕ ಇದೆ. ಅದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಳ್ಳಿ. ತಪಾಸಣೆಗೆ ಬರುವ ಆರೋಗ್ಯ ತಂಡದವರನ್ನೂ ಕೇಳಬಹುದು.

ಆಮೇಲೆ ವಯಸ್ಸು. ಇದನ್ನು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಿಮ್ಮ ಹಾಜರಿ ಪುಸ್ತಕದಲ್ಲಿ ಜೂನ್ 1ಕ್ಕೆ ಹುಟ್ಟಿದ ಮಕ್ಕಳು ಎಷ್ಟಿದ್ದಾರೆ, ಒಮ್ಮೆ ನೋಡಿ. ದಾಖಲಾತಿಗೆ ಅನುಕೂಲ ಎಂದು ಬರೆಸಿದ ತಾರೀಖು ಅದು. ಆರು ತಿಂಗಳೋ ಒಂದು ವರ್ಷವೋ ಆಚೀಚೆ ಆದರೆ ಇಡೀ ಲೆಕ್ಕ ತಪ್ಪುತ್ತದೆ. ಮನೆಯಿಂದ ತಾಯಿ ಕಾರ್ಡ್ ತರಿಸಿ, ಇಲ್ಲದಿದ್ದರೆ ಅಂಗನವಾಡಿ ಟೀಚರನ್ನು ಕೇಳಿ. ಅವರ ಬಳಿ ಸರಿಯಾದ ತಾರೀಖು ಇರುತ್ತದೆ.

ಅಳೆಯುವಾಗ ಶೂ, ಸ್ವೆಟರ್, ಪಾಟಿಚೀಲ ಎಲ್ಲ ತೆಗೆಸಿ. ತೂಕದ ಯಂತ್ರ ಚಾಪೆಯ ಮೇಲೆ ಬೇಡ, ಗಟ್ಟಿ ನೆಲದ ಮೇಲಿರಲಿ. ಊಟಕ್ಕೆ ಮೊದಲೇ ತೂಗಿ. ಎತ್ತರಕ್ಕೆ ಗೋಡೆಗೆ ಟೇಪ್ ಅಂಟಿಸಿದರೆ ಸಾಕು. ಹಿಮ್ಮಡಿ, ಕುಂಡೆ, ತಲೆಯ ಹಿಂಭಾಗ ಗೋಡೆಗೆ ತಾಗಬೇಕು, ನೋಟ ನೇರ ಇರಬೇಕು. ನೆತ್ತಿಯ ಮೇಲೆ ಕಟ್ಟಿದ ಜುಟ್ಟು ಬಿಚ್ಚಿಸಿ. ಮುಖ್ಯವಾದ ಮಾತು: ಯಾರ ತೂಕವನ್ನೂ ತರಗತಿಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಡಿ. ‘ಕಡ್ಡಿ’, ‘ಡುಮ್ಮ’ ಎಂಬ ಹೆಸರುಗಳು ಅಲ್ಲಿಂದಲೇ ಶುರುವಾಗುತ್ತವೆ. ಮಕ್ಕಳು ಅದನ್ನು ಮರೆಯುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಎಂಟು ವರ್ಷದ ಇಬ್ಬರು ಹುಡುಗಿಯರು ಎಂದುಕೊಳ್ಳಿ. ಒಬ್ಬಳ ಎತ್ತರ 118 ಸೆಂಟಿಮೀಟರ್, ತೂಕ ಹದಿನೇಳೂವರೆ ಕಿಲೋ. ಇನ್ನೊಬ್ಬಳ ಎತ್ತರ 112, ತೂಕ ಹದಿನೆಂಟೂವರೆ. ತೂಕ ಮಾತ್ರ ನೋಡಿದರೆ ಇಬ್ಬರೂ ಒಂದೇ ಥರ, ‘ಕಡಿಮೆ ತೂಕ’. ಆದರೆ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿ ನೋಡಿ. ಮೊದಲನೆಯವಳ ಬಿಎಂಐ ಹನ್ನೆರಡೂವರೆ ಚಿಲ್ಲರೆ ಬರುತ್ತದೆ. ಆ ಪಟ್ಟಿಯಲ್ಲಿ ಎಂಟು ವರ್ಷದ ಹುಡುಗಿಗೆ ಸುಮಾರು 13 ಕೆಳಗಿನ ಗೆರೆ, ಅದಕ್ಕಿಂತ ಇಳಿಯಬಾರದು. ಅಂದರೆ ಇವಳು ಸೊರಗಿದ್ದಾಳೆ. ಎತ್ತರಕ್ಕೆ ಕೆಳಗಿನ ಗೆರೆ ಸುಮಾರು 115, ಅದರಲ್ಲಿ ಇವಳು ಪಾಸು. ಎರಡನೆಯವಳು ತಿರುಗಾಮುರುಗಾ. ಬಿಎಂಐ ಹದಿನಾಲ್ಕು ಮುಕ್ಕಾಲು, ಏನೂ ತೊಂದರೆ ಇಲ್ಲ. ಎತ್ತರದಲ್ಲಿ ಮಾತ್ರ ಹಿಂದೆ ಬಿದ್ದಿದ್ದಾಳೆ.

ಇಬ್ಬರ ಕತೆಯೂ ಬೇರೆ. ಸೊರಗುವುದು ಸಾಮಾನ್ಯವಾಗಿ ಇತ್ತೀಚಿನ ತೊಂದರೆ. ಈ ಮಳೆಗಾಲದಲ್ಲಿ ಜ್ವರ, ಭೇದಿ ಆಯಿತೇ? ಮನೆಯಲ್ಲಿ ದುಡಿಮೆ ನಿಂತಿದೆಯೇ? ಅಮ್ಮ ಕಾಯಿಲೆ ಬಿದ್ದು ಅಡುಗೆ ತಪ್ಪುತ್ತಿದೆಯೇ? ಇವಳಿಗೆ ಈಗಲೇ ಜಾಸ್ತಿ ಊಟ ಬೇಕು, ಡಾಕ್ಟರ ತಪಾಸಣೆಯೂ ಬೇಕು. ಎತ್ತರ ಕುಂಠಿತವಾಗಿದ್ದರೆ ಅದು ಹಳೆಯ ಕತೆ. ಅಮ್ಮ ಬಸುರಿಯಾಗಿದ್ದಾಗಿನಿಂದ ಮಗುವಿಗೆ ಎರಡು ವರ್ಷ ತುಂಬುವವರೆಗಿನ ಕಾಲದಲ್ಲಿ ಅದರ ಬೇರು ಇರುತ್ತದೆ. ಹುಟ್ಟಿದಾಗಲೇ ತೂಕ ಕಡಿಮೆ, ಮೇಲಿಂದ ಮೇಲೆ ಭೇದಿ, ಆರು ತಿಂಗಳ ನಂತರವೂ ಬರೀ ತಿಳಿ ಗಂಜಿ, ಹೀಗೆ. ಇವಳಿಗೆ ಎಣ್ಣೆ, ಸಕ್ಕರೆ ಸುರಿದರೆ ಹೊಟ್ಟೆ ಬರುತ್ತದೆಯೇ ಹೊರತು ಎತ್ತರ ಬರುವುದಿಲ್ಲ. ಬೇಳೆ, ಮೊಟ್ಟೆ, ಮೀನು, ಹಾಲು, ಸೊಪ್ಪು ಬೇಕು. ಜೊತೆಗೆ ಮನೆಯಲ್ಲಿ ಅವಳ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ಅಂಗನವಾಡಿಯಲ್ಲಿ ಆ ಮಗುವನ್ನು ನೋಡಿಸಿ. ಅಲ್ಲಿ ಇನ್ನೂ ಸಮಯ ಇದೆ. ಎಷ್ಟೋ ಶಾಲೆಗಳಲ್ಲಿ ಇಬ್ಬರನ್ನೂ ಒಂದೇ ಪಟ್ಟಿಗೆ ಬರೆದು ಮೇಲೆ ಕಳಿಸುತ್ತಾರೆ. ಇದು ನನಗೆ ಬಹಳ ನೋವು ಕೊಡುವ ವಿಷಯ. ಪಟ್ಟಿ ಹೋಗುತ್ತದೆ, ಮಗು ಅಲ್ಲೇ ಉಳಿಯುತ್ತದೆ.

ಭಾರತದಲ್ಲಿ 2016-18ರಲ್ಲಿ ಮಕ್ಕಳ ಪೋಷಣೆಯ ಬಗ್ಗೆ ಒಂದು ದೊಡ್ಡ ರಾಷ್ಟ್ರೀಯ ಸಮೀಕ್ಷೆ ನಡೆಯಿತು. ಐದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ 22ರಷ್ಟು ಎತ್ತರದಲ್ಲಿ ಹಿಂದೆ, ಶೇ 23ರಷ್ಟು ಸೊರಗಿದವರು, ಶೇ 24ರಷ್ಟು ರಕ್ತಹೀನರು ಎಂದು ಅದು ಹೇಳಿತು. ಅಂದರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಮಗು. ನಿಮ್ಮ ಶಾಲೆಯಲ್ಲೂ ಸರಿಯಾಗಿ ಅಳೆದರೆ ‘ಎಲ್ಲರೂ’ ಎಂದು ಬರುವುದಿಲ್ಲ, ‘ಯಾರೂ ಇಲ್ಲ’ ಎಂದೂ ಬರುವುದಿಲ್ಲ. ಕೆಲವರು ಸಿಗುತ್ತಾರೆ. ಆ ಕೆಲವರ ಹಿಂದೆ ಹೋಗಬೇಕು.

ಕಾರಣ ಹುಡುಕಲು ಯಂತ್ರ ಇಲ್ಲ, ಮಾತಾಡಿಸಬೇಕು ಅಷ್ಟೇ. ‘ಬೆಳಿಗ್ಗೆ ತಿಂಡಿ ತಿಂದಿದ್ದೀಯಾ?’ ಎಂದು ಕೇಳಬೇಡಿ. ಎಲ್ಲ ಮಕ್ಕಳೂ ಹೂಂ ಅನ್ನುತ್ತಾರೆ. ‘ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿಂದೆ, ಕುಡಿದೆ’ ಎಂದು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಕೇಳಿ. ಆಗ ನಿಜ ಹೊರಗೆ ಬರುತ್ತದೆ. ಘಟ್ಟದ ಮೇಲಿನ ಶಾಲೆಗಳಲ್ಲಿ ನಾನು ಪದೇ ಪದೇ ಕೇಳಿದ ಉತ್ತರ ಒಂದೇ: ಬೆಳಿಗ್ಗೆ ಒಂದು ಲೋಟ ಚಹಾ, ಎರಡು ಬಿಸ್ಕೀಟು. ತೋಟದ ಕೆಲಸಕ್ಕೆ ಹೋಗುವ ಅಮ್ಮ ಬೆಳಕು ಹರಿಯುವ ಹೊತ್ತಿಗೆ ಹೊರಡಬೇಕು. ಮಗು ಬೆಟ್ಟ ಇಳಿದು, ಹಳ್ಳ ದಾಟಿ ಶಾಲೆಗೆ ನಡೆದು ಬರುತ್ತದೆ. ಮಧ್ಯಾಹ್ನದ ಊಟವೇ ಅದರ ಮೊದಲ ಊಟ. ಹಸು, ಎಮ್ಮೆ ಸಾಕಿದ ಮನೆಗಳಲ್ಲೂ ಹೀಗೇ. ಹಾಲು ಡೇರಿಗೆ ಹೋಗುತ್ತದೆ, ಮಕ್ಕಳಿಗೆ ಕಪ್ಪು ಚಹಾ. ಚಹಾದಲ್ಲಿರುವ ಒಗರಿನ ಅಂಶ ಊಟದಲ್ಲಿರುವ ಕಬ್ಬಿಣವನ್ನು ದೇಹಕ್ಕೆ ಸೇರಲು ಬಿಡುವುದಿಲ್ಲ. ಹಸಿವನ್ನೂ ಸಾಯಿಸುತ್ತದೆ.

ನಮ್ಮ ಅಕ್ಷರ ದಾಸೋಹದ ಲೆಕ್ಕ ಏನು ಗೊತ್ತಾ? ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಒಟ್ಟು 450 ಕ್ಯಾಲರಿ, 12 ಗ್ರಾಂ ಪ್ರೋಟೀನ್. ಇದು ಮಗುವಿನ ದಿನದ ಅಗತ್ಯದ ಮೂರನೇ ಒಂದು ಭಾಗಕ್ಕೆ ಹತ್ತಿರ. ಉಳಿದ ಎರಡು ಭಾಗ ಮನೆಯಲ್ಲಿ ಸಿಗಬೇಕು. ಬೆಳಿಗ್ಗೆ ಚಹಾ, ರಾತ್ರಿ ಅನ್ನ-ಸಾರು ಮಾತ್ರ ಆದರೆ ಆ ಲೆಕ್ಕ ಹೊಂದುವುದೇ ಇಲ್ಲ. ನಿಮ್ಮ ಕೈಯಲ್ಲಿ ಆಗುವ ಒಂದು ಕೆಲಸ ಇದೆ. ಕ್ಷೀರಭಾಗ್ಯದ ಹಾಲು, ರಾಗಿ ಮಾಲ್ಟ್ ಇವನ್ನು ಹನ್ನೊಂದು ಗಂಟೆಯ ಬಿಡುವಿನಲ್ಲಿ ಕೊಡುವ ಬದಲು ಪ್ರಾರ್ಥನೆ ಮುಗಿದ ತಕ್ಷಣ ಕೊಡಿ. ಅಡುಗೆಯವರು ಸ್ವಲ್ಪ ಬೇಗ ಬರಬೇಕಾಗುತ್ತದೆ. ಕೂತು ಮಾತಾಡಿದರೆ ಒಪ್ಪುತ್ತಾರೆ, ಅವರ ಮಕ್ಕಳೂ ಅಲ್ಲೇ ಓದುತ್ತಿರುತ್ತಾರೆ ಅಲ್ವಾ.

ಎರಡನೇ ಕಾರಣ ಕೊಕ್ಕೆಹುಳ. ಅಡಿಕೆ ತೋಟದ ಮಣ್ಣು ಸದಾ ತೇವ, ಸದಾ ನೆರಳು. ಈ ಹುಳದ ಮರಿಗೆ ಬೇಕಾದದ್ದೇ ಅದು. ಬಯಲಿಗೆ ಹೋದವರ ಮಲದಿಂದ ಮೊಟ್ಟೆ ಮಣ್ಣಿಗೆ ಬರುತ್ತದೆ, ಮರಿ ಬರಿಗಾಲಿನ ಚರ್ಮದ ಮೂಲಕ ಒಳಗೆ ಹೋಗುತ್ತದೆ. ಕರುಳಿಗೆ ಕಚ್ಚಿಕೊಂಡು ದಿನವೂ ಸ್ವಲ್ಪ ಸ್ವಲ್ಪ ರಕ್ತ ಹೀರುತ್ತದೆ. ಮಗು ಎಷ್ಟು ತಿಂದರೂ ಬಿಳುಚಿಕೊಂಡೇ ಇರುತ್ತದೆ. ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ಇದಕ್ಕೇ. ಆ ದಿನ ಬಾರದ ಮಕ್ಕಳ ಹೆಸರು ಬರೆದಿಟ್ಟು ಮತ್ತೆ ಕೊಡಿಸಿ. ಹೆಚ್ಚಾಗಿ ಆ ಗೈರುಹಾಜರಾದವರೇ ನಿಮ್ಮ ಸೊರಗಿದವರ ಪಟ್ಟಿಯಲ್ಲೂ ಇರುತ್ತಾರೆ. ಕಾಲಿಗೆ ಚಪ್ಪಲಿ, ಶಾಲೆಯ ಶೌಚಾಲಯಕ್ಕೆ ನೀರು, ಊಟಕ್ಕೆ ಮೊದಲು ಸಾಬೂನು. ಇಷ್ಟಿಲ್ಲದೆ ಬರೀ ಮಾತ್ರೆ ಕೊಟ್ಟರೆ ಹುಳ ಮತ್ತೆ ಬರುತ್ತದೆ.

ಮೂರನೆಯದು ಹಲ್ಲು. ಬಾಯಿ ತೆರೆಸಿ ನೋಡಿ. ಹುಳುಕು ಹಲ್ಲು ಇರುವ ಮಗು ಒಂದೇ ಕಡೆ ಅಗಿಯುತ್ತದೆ, ಗಟ್ಟಿ ಇದ್ದದ್ದನ್ನೆಲ್ಲ ತಟ್ಟೆಯಲ್ಲಿ ಬಿಡುತ್ತದೆ. ನಾವು ಅದನ್ನು ಹಠ ಅನ್ನುತ್ತೇವೆ. ಬಾಯಿಯ ಮೂಲೆಯಲ್ಲಿ ಒಡಕು, ಕೆಳ ರೆಪ್ಪೆಯ ಒಳಗೆ ಬಿಳುಪು, ಕಣ್ಣಿನ ಬಿಳಿಯಲ್ಲಿ ನೊರೆಯಂಥ ಚುಕ್ಕೆ, ಮುಸ್ಸಂಜೆಯಲ್ಲಿ ಎಡವುವುದು – ಇವುಗಳಲ್ಲಿ ಯಾವುದು ಕಂಡರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಬರುತ್ತದೆ ಎಂದು ಕಾಯಬೇಡಿ.

ಜೂನ್ ಕೊನೆಯಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಅಳೆಯಿರಿ. ಈ ವಯಸ್ಸಿನ ಮಗು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯಬೇಕು, ಎರಡು ಮೂರು ಕಿಲೋ ಏರಬೇಕು. ಒಂದು ಸಲದ ಅಳತೆಗಿಂತ ಈ ಏರಿಕೆ ಹೆಚ್ಚು ಹೇಳುತ್ತದೆ. ನಾಲ್ಕು ಸೆಂಟಿಮೀಟರೂ ಬೆಳೆಯದ ಮಗುವನ್ನು ಮಕ್ಕಳ ಡಾಕ್ಟರಿಗೆ ತೋರಿಸಲೇಬೇಕು.

ಪ್ರಶ್ನೆ: ಕಾರವಾರದಿಂದ ಒಬ್ಬ ತಾಯಿ. ನನ್ನ ಮಗನಿಗೆ ಏಳು ವರ್ಷ. ಎತ್ತರ 116 ಸೆಂ.ಮೀ., ತೂಕ 18.5 ಕಿಲೋ. ಊಟ ಅಂದರೆ ಓಡುತ್ತಾನೆ. ದಿನಕ್ಕೆ ಎರಡು ಸಲ ಹಾಲಿಗೆ ಹೆಲ್ತ್ ಪೌಡರ್ ಹಾಕಿ ಕೊಡುತ್ತೇನೆ. ಆದರೂ ದಪ್ಪ ಆಗುತ್ತಿಲ್ಲ. ಬೇರೆ ಯಾವ ಟಾನಿಕ್ ಕೊಡಲಿ?

ತಂಗಿ, ನಿನ್ನ ಮಗ ಸಣ್ಣಗಿದ್ದಾನೆ, ಸೊರಗಿಲ್ಲ. ಬಿಎಂಐ 13.7 ಬರುತ್ತದೆ, ಏಳು ವರ್ಷದ ಹುಡುಗನಿಗೆ ಕೆಳಗಿನ ಗೆರೆ ಸುಮಾರು 13. ಎತ್ತರವೂ ಸರಿ ಇದೆ. ಟಾನಿಕ್ ಬೇಡ.

ಪೌಡರನ್ನೂ ನಿಲ್ಲಿಸು. ಆ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಸಕ್ಕರೆ ಎಷ್ಟಿದೆ ಎಂದು ಬರೆದಿರುತ್ತಾರೆ, ಓದು. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ಹೆಸರಿನಡಿ ಮಾರಬೇಡಿ ಎಂದು ಹೇಳಿತು. ನಮ್ಮ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಹಾಗೊಂದು ವರ್ಗವೇ ಇಲ್ಲ. ಎರಡು ದೊಡ್ಡ ಲೋಟ ಸಿಹಿ ಹಾಲು, ನಾಲ್ಕು ಗಂಟೆಗೆ ಚಿಪ್ಸ್ ಅಥವಾ ಬಿಸ್ಕೀಟು ಹೊಟ್ಟೆಗೆ ಹೋದ ಮೇಲೆ ರಾತ್ರಿ ಊಟಕ್ಕೆ ಜಾಗ ಎಲ್ಲಿ? ಅವನು ಓಡುವುದು ಹಠದಿಂದಲ್ಲ, ಹಸಿವಿಲ್ಲದೆ.

ಹದಿನೈದು ದಿನ ಹೀಗೆ ಮಾಡು. ಹಾಲು ಒಂದೇ ಲೋಟ, ಪೌಡರ್ ಇಲ್ಲದೆ. ಶಾಲೆಯಿಂದ ಬಂದ ಕೂಡಲೇ ಬಿಸಿ ಅನ್ನ, ಮೀನು ಸಾರು. ತಾರ್ಲೆ ಮೀನಿನ ಮೆತ್ತಗಿನ ಮುಳ್ಳನ್ನು ಚೆನ್ನಾಗಿ ನುರಿದು ಅನ್ನಕ್ಕೆ ಕಲಸಿ ಕೊಡು, ಸುಣ್ಣದ ಅಂಶ ಸಿಗುತ್ತದೆ. ಮೀನು ಇಲ್ಲದ ದಿನ ಮೊಟ್ಟೆ, ಇಲ್ಲವೆಂದರೆ ಗಟ್ಟಿ ತೊವ್ವೆ. ಟಿವಿ ಮುಂದೆ ಬೇಡ. ತಟ್ಟೆಯಲ್ಲಿ ಬಿಟ್ಟರೆ ಬಿಡಲಿ, ಹಿಂದೆ ಓಡಬೇಡ. ಮತ್ತೆ ಅವನ ಹಲ್ಲು ಒಮ್ಮೆ ನೋಡಿಸು. ಮಗು ಒಂದು ವರ್ಷದಲ್ಲಿ ತಾನಾಗಿ ಎರಡು ಕಿಲೋ ಏರಿದರೆ ನಿನಗೆ ಚಿಂತೆಗೆ ಕಾರಣ ಇಲ್ಲ. ಪಕ್ಕದ ಮನೆಯ ದಪ್ಪ ಮಗುವಿನ ಜೊತೆ ಅವನನ್ನು ಹೋಲಿಸಬೇಡ. ದಪ್ಪ ಇದ್ದ ಮಾತ್ರಕ್ಕೆ ಆ ಮಗು ಆರೋಗ್ಯವಾಗಿದೆ ಎಂದಲ್ಲ. ಪೇಟೆಯ ಶಾಲೆಗಳಲ್ಲಿ ದಪ್ಪಗಿದ್ದೂ ರಕ್ತ ಕಡಿಮೆ ಇರುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ: ಅಂಕೋಲಾ ಕಡೆಯವನು, ದೋಣಿಯಲ್ಲಿ ದುಡಿಯುತ್ತೇನೆ. ನಾಲ್ಕನೇ ತರಗತಿಯ ಮಗಳಿಗೆ ಶಾಲೆಯ ತಪಾಸಣೆಯಲ್ಲಿ ರಕ್ತ 9.8 ಎಂದು ಬಂತು. ನಾವು ದಿನಾ ಮೀನು ತಿನ್ನುವವರು. ನಮ್ಮ ಮಗುವಿಗೆ ರಕ್ತ ಕಡಿಮೆ ಹೇಗೆ ಆಯಿತು?

ಅಣ್ಣ, ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ. ಐದರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಹಿಮೋಗ್ಲೋಬಿನ್ 11.5 ಇರಬೇಕು. 9.8 ಅಂದರೆ ಮಧ್ಯಮ ರಕ್ತಹೀನತೆ. ಹೆದರಬೇಡಿ, ಆದರೆ ಮುಂದೂಡಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಡಾಕ್ಟರು ತೂಕ ನೋಡಿ ದಿನವೂ ಕೊಡುವ ಕಬ್ಬಿಣದ ಔಷಧ ಬರೆಯುತ್ತಾರೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಮಾತ್ರೆ ಇವಳಿಗೆ ಸಾಲದು. ಎರಡು ತಿಂಗಳ ನಂತರ ಮತ್ತೆ ರಕ್ತ ನೋಡಿಸಿ.

ಕಾರಣ ಎರಡು ಮೂರು ಇರಬಹುದು. ‘ದಿನಾ ಮೀನು’ ಎಂದಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗೆ ನಿಷೇಧ. ಆ 61 ದಿನ ಮನೆಗೆ ಮೀನೂ ಇಲ್ಲ, ದುಡ್ಡೂ ಇಲ್ಲ. ಪೇಟೆಯಲ್ಲಿ ಸಿಗುವ ಮೀನಿನ ದರ ಕೇಳುವ ಹಾಗಿಲ್ಲ. ಗಂಜಿ, ಉಪ್ಪಿನಕಾಯಿಯಲ್ಲಿ ದಿನ ಹೋಗುತ್ತದೆ. ಅದೇ ಹೊತ್ತಿಗೆ ಭೇದಿ, ಜ್ವರದ ಕಾಲ. ಮಕ್ಕಳು ಸೊರಗುವುದು ಈ ಮಳೆಯಲ್ಲೇ. ಮೀನು ಮೊಟ್ಟೆ ಇಡುವ ಕಾಲದಲ್ಲಿ ಕಡಲನ್ನು ಬಿಡಬೇಕಾದದ್ದು ಸರಿ, ಆದರೆ ಆ ಎರಡು ತಿಂಗಳು ದೋಣಿಯವರ ಮಕ್ಕಳ ತಟ್ಟೆಯ ಬಗ್ಗೆಯೂ ಯಾರಾದರೂ ಯೋಚಿಸಬೇಕು. ಶಾಲೆಯವರು ಈ ಮಕ್ಕಳನ್ನು ಜೂನ್‌ನಲ್ಲೂ ಆಗಸ್ಟ್‌ನಲ್ಲೂ ತೂಗಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಮಾತು ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಮನೆಯಲ್ಲಿ ಮೀನಿನ ತುಂಡು ಮೊದಲು ಯಾರ ತಟ್ಟೆಗೆ ಬೀಳುತ್ತದೆ? ದುಡಿದು ಬಂದ ಗಂಡಸರಿಗೆ, ಆಮೇಲೆ ಗಂಡುಮಕ್ಕಳಿಗೆ, ಕೊನೆಗೆ ಹುಡುಗಿ ಮತ್ತು ಅವಳ ಅಮ್ಮನಿಗೆ ಬರೀ ಸಾರು – ಹೀಗೆ ಆಗುತ್ತಿದ್ದರೆ ಇವತ್ತೇ ಬದಲಿಸಿ. ಮಗಳ ಅಮ್ಮನ ರಕ್ತವನ್ನೂ ಅದೇ ದಿನ ನೋಡಿಸಿ.

ಮಳೆಗಾಲಕ್ಕೆ ಒಣ ಬಂಗಡೆ, ಒಣ ಶೆಟ್ಲಿ (ಸಿಗಡಿ) ಇಟ್ಟುಕೊಳ್ಳುತ್ತೀರಲ್ಲ, ಅದು ಒಳ್ಳೆಯದು. ಉಪ್ಪು ತೊಳೆದು ಬಳಸಿ. ಹೊಳೆ ಬಾಯಿಯ ಚಿಪ್ಪಿಕಲ್ಲಿನ (ಚಿಪ್ಪುಜೀವಿಯ) ಮಾಂಸದಲ್ಲಿ ಕಬ್ಬಿಣ ಚೆನ್ನಾಗಿದೆ, ಸಿಗುವ ಕಾಲದಲ್ಲಿ ಮಕ್ಕಳಿಗೆ ಕೊಡಿ. ಹಿತ್ತಲಿನಲ್ಲಿ ಬಸಳೆ, ಹರಿವೆ, ಒಂದು ನುಗ್ಗೆ ಗಿಡ ಇರಲಿ. ಸೊಪ್ಪಿನ ಜೊತೆ ಲಿಂಬೆಯೋ ನೆಲ್ಲಿಕಾಯಿಯೋ ಇದ್ದರೆ ಕಬ್ಬಿಣ ಮೈಗೆ ಹತ್ತುತ್ತದೆ. ಊಟದ ಜೊತೆ ಚಹಾ ಕೊಡಬೇಡಿ. ಹುಳದ ಮಾತ್ರೆ ಆಗಿದೆಯೇ ಎಂದು ಶಾಲೆಯಲ್ಲಿ ವಿಚಾರಿಸಿ.

ಪ್ರಶ್ನೆ: ಸಿದ್ದಾಪುರದಿಂದ ಒಬ್ಬ ಅಜ್ಜಿ. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಮೊಮ್ಮಗಳಿಗೆ ಶಾಲೆಯಲ್ಲಿ ಬಾಳೆಹಣ್ಣು ಕೊಡುತ್ತಾರೆ. ಅದು ಮೊಟ್ಟೆಗೆ ಸಮವೇ?

ಇಲ್ಲ ಅಮ್ಮ. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್ ಇರುತ್ತದೆ, ಬಾಳೆಹಣ್ಣಿನಲ್ಲಿ ಒಂದು ಗ್ರಾಂ. ಬಾಳೆಹಣ್ಣು ಕೆಟ್ಟದ್ದಲ್ಲ, ಆದರೆ ಆ ಕೊರತೆಯನ್ನು ನೀವು ಮನೆಯಲ್ಲಿ ತುಂಬಬೇಕು. ನಿಮ್ಮ ಆಚಾರ ಬಿಡಿ ಎಂದು ನಾನು ಹೇಳುವುದಿಲ್ಲ. ಸಂಜೆ ಮೊಳಕೆ ಬರಿಸಿದ ಹೆಸರುಕಾಳಿಗೆ ಲಿಂಬೆ ಹಿಂಡಿ ಒಂದು ಹಿಡಿ ಕೊಡಿ. ಶೇಂಗಾ ಬೆಲ್ಲ, ಎಳ್ಳುಂಡೆ, ಗಟ್ಟಿ ಮೊಸರು, ಬೇಯಿಸಿದ ಹಲಸಿನ ಬೀಜ ಎಲ್ಲವೂ ನಿಮ್ಮ ಮನೆಯಲ್ಲೇ ಇರುವಂಥವು. ತೆಳ್ಳೇವಿಗೆ (ತೆಳು ದೋಸೆಗೆ) ಹಿಟ್ಟು ಬೀಸುವಾಗ ಅಕ್ಕಿಯ ಜೊತೆ ಉದ್ದನ್ನೋ ಹೆಸರನ್ನೋ ಧಾರಾಳ ಸೇರಿಸಿ.

ಒಂದೆಲಗದ ತಂಬುಳಿ ಮಾಡುತ್ತೀರಿ, ಅಪ್ಪೆಹುಳಿ ಮಾಡುತ್ತೀರಿ. ಬಾಯಿಗೆ ರುಚಿ, ಹೊಟ್ಟೆಗೆ ತಂಪು. ಆದರೆ ಇಡೀ ಮನೆಯ ತಂಬುಳಿಗೆ ಒಂದು ಹಿಡಿ ಎಲೆ, ಒಬ್ಬೊಬ್ಬರಿಗೆ ಬರುವುದು ನಾಲ್ಕೇ ಎಲೆ. ಸೊಪ್ಪು ತಿಂದ ಲೆಕ್ಕ ಆಗಬೇಕಾದರೆ ಪಲ್ಯ ಮಾಡಿ. ಬೇಳೆಯನ್ನೂ ತಿಳಿಸಾರಿನಲ್ಲಿ ಕರಗಿಸಬೇಡಿ, ಮಗುವಿನ ತಟ್ಟೆಗೆ ತಳದಿಂದ ಬಡಿಸಿ.

ಪ್ರಶ್ನೆ: ಶಾಲೆಯಲ್ಲಿ ವಾರಕ್ಕೊಮ್ಮೆ ಗುಲಾಬಿ ಬಣ್ಣದ ಮಾತ್ರೆ ಕೊಡುತ್ತಾರೆ. ಅದನ್ನು ತಿಂದ ಮೇಲೆ ಮಗನಿಗೆ ಮಲ ಕಪ್ಪಗಾಗುತ್ತದೆ, ಒಮ್ಮೆ ವಾಂತಿಯೂ ಆಯಿತು. ನಿಲ್ಲಿಸಲೇ? – ಯಲ್ಲಾಪುರದ ಓದುಗರು

ನಿಲ್ಲಿಸಬೇಡಿ. ಅದರಲ್ಲಿ 45 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಇದೆ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಡಿ ಐದರಿಂದ ಒಂಬತ್ತು ವರ್ಷದವರಿಗೆ ಗುಲಾಬಿ, ಹತ್ತು ತುಂಬಿದವರಿಗೆ ನೀಲಿ ಮಾತ್ರೆ. ಹೀರದೆ ಉಳಿದ ಕಬ್ಬಿಣ ಹೊರಗೆ ಹೋಗುವುದರಿಂದ ಮಲ ಕಪ್ಪಾಗುತ್ತದೆ, ಅದರಿಂದ ಏನೂ ಆಗುವುದಿಲ್ಲ. ವಾಂತಿ ಸಾಮಾನ್ಯವಾಗಿ ಖಾಲಿ ಹೊಟ್ಟೆಗೆ ನುಂಗಿದ್ದರಿಂದ. ಬಿಸಿಯೂಟ ಆದ ಮೇಲೆ, ನೀರಿನಲ್ಲಿ ನುಂಗಿಸಲು ಶಿಕ್ಷಕರಿಗೆ ಹೇಳಿ. ಹಾಲಿನ ಜೊತೆ ಬೇಡ. ಜ್ವರ ಇದ್ದ ದಿನ ಬಿಟ್ಟು ಮುಂದಿನ ವಾರ ಕೊಡಿಸಿ. ಊಟದ ನಂತರ ಕೊಟ್ಟರೂ ಪ್ರತಿಸಲ ವಾಂತಿಯಾದರೆ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಬೇರೆ ರೂಪದಲ್ಲಿ ಕೊಡುತ್ತಾರೆ.